ಸಾಲಕ್ಕೊಂದು ಅಭಿನಂದನೆ

ಕನ್ನಡದವರಿಗೆ ದುಡ್ಡಿನ ಬಗ್ಗೆ ಮಾತಾಡಲು ಬರುವುದಿಲ್ಲವಂತೆ. ಮಾತಾಡಲು ನಾಚಿಕೆಯಂತೆ. ಹಣವೆಂದರೆ ಪಾಪವೆಂದು ನಮ್ಮ ಅಪ್ಪ ಅಮ್ಮಂದಿರು ಹೇಳಿಕೊಟ್ಟರಂತೆ, ಅದಕ್ಕೇ ನಾವು ಹಿಂದೆ ಬಿದ್ದೆವಂತೆ. ರೋಗ ಹೇಳಿದವರೇ ಔಷಧವನ್ನೂ ಕೊಡುತ್ತಾರೆ: ‘ಮೈಂಡ್‌ಸೆಟ್’ ಬದಲಿಸಿ, ‘ವೆಲ್ತ್ ಕ್ರಿಯೇಷನ್’ ಕಲಿಯಿರಿ, ನಿಮ್ಮ ‘ನೆಟ್‌ವರ್ತ್’ ಎಷ್ಟೆಂದು ತಿಳಿದುಕೊಳ್ಳಿ, ‘ಆಸ್ಪಿರೇಷನ್’ ಇಟ್ಟುಕೊಳ್ಳಿ. ಹಣದ ಪಾಠ ಹೇಳುವ ವಿಡಿಯೊಗಳಲ್ಲಿ, ಮ್ಯಾನೇಜ್‌ಮೆಂಟ್ ಕಾಲೇಜಿನ ಭಾಷಣಗಳಲ್ಲಿ, ಮ್ಯೂಚುವಲ್ ಫಂಡ್ ಏಜೆಂಟರ ಮಾತಿನಲ್ಲಿ ಇದೀಗ ಇದೊಂದು ಸಿದ್ಧಾಂತವೇ ಆಗಿಬಿಟ್ಟಿದೆ. ವಾಕ್ಯದ ಕೊನೆಯ ಕ್ರಿಯಾಪದ ಕನ್ನಡದ್ದು, ಮಿಕ್ಕಿದ್ದೆಲ್ಲ ಇಂಗ್ಲಿಷಿನದು. ಇಂಗ್ಲಿಷ್ ಪದಗಳು ಚೊಕ್ಕ, ವೈಜ್ಞಾನಿಕ, ಯಾರನ್ನೂ ಬೈಯುವುದಿಲ್ಲ. ಕನ್ನಡದ ಪದಗಳಿಗೆ ಮಾತ್ರ ನೀತಿಬೋಧೆಯ ಜಿಡ್ಡು ಅಂಟಿದೆ ಎಂಬುದು ಅದರ ತಿರುಳು.

ಈ ಉಪದೇಶದ ಬೇರು ಅಮೆರಿಕದಲ್ಲಿದೆ. ಬೆಂಗಳೂರಿನ ಫುಟ್‌ಪಾತಿನ ಪುಸ್ತಕದ ರಾಶಿಯಲ್ಲಿ ಇವತ್ತಿಗೂ ತಪ್ಪದೆ ಕಾಣುವ ‘ರಿಚ್ ಡ್ಯಾಡ್ ಪೂರ್ ಡ್ಯಾಡ್’ ಮೊದಲು ಬಂದದ್ದು 1997ರಲ್ಲಿ. ಬಡವ ಬಡವನಾಗಿ ಉಳಿಯುವುದು ಅವನ ಮಾತು ಮತ್ತು ಯೋಚನೆ ಸರಿಯಿಲ್ಲದ್ದರಿಂದ ಎಂಬುದು ಅದರ ಬೋಧನೆಯ ದೊಡ್ಡ ಭಾಗ. ಬರೆದ ರಾಬರ್ಟ್ ಕಿಯೊಸಾಕಿಯವರದೇ ಒಂದು ಕಂಪನಿ 2012ರಲ್ಲಿ ಕೋರ್ಟು ತೀರ್ಪಿನ ಬಾಕಿ ಮೈಮೇಲೆ ಬಂದಾಗ ದಿವಾಳಿ ಅರ್ಜಿ ಹಾಕಿತು. ಮಾತು ಎಷ್ಟು ಸರಿಯಿದ್ದರೂ ಲೆಕ್ಕವೂ ಸರಿಯಿರಬೇಕಲ್ಲ.

ಮೊದಲು ಕನ್ನಡದ ಮೇಲಿನ ಆರೋಪ ಮುಗಿಸಿಬಿಡೋಣ, ಅದಕ್ಕೆ ಹೆಚ್ಚು ಹೊತ್ತು ಬೇಡ. ದುಡ್ಡೇ ದೊಡ್ಡಪ್ಪ ಎಂದ ಭಾಷೆಗೆ, ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ ಎಂದ ಭಾಷೆಗೆ, ಕಾಸಿದ್ದರೆ ಕೈಲಾಸ ಎಂದು ಶಿವನ ಮನೆಗೂ ದರ ಕಟ್ಟಿದ ಭಾಷೆಗೆ ನಾಚಿಕೆಯೆ? ಕೈಗಡ ಬೇರೆ, ಉದ್ರಿ ಬೇರೆ, ಮುಂಗಡ ಬೇರೆ, ಸಾಲ ಬೇರೆ. ಕೈಗಡಕ್ಕೆ ಬಡ್ಡಿಯಿಲ್ಲ, ಕಾಗದವಿಲ್ಲ. ಆದರೆ ಎದುರಿಗೆ ಸಿಕ್ಕಾಗ ಮುಖ ತಪ್ಪಿಸಬೇಕಾದ ಹಂಗು ಇದೆ. ಅಡವು, ಗಿರವಿ, ಭೋಗ್ಯ, ಗೇಣಿ, ಕೋರು, ಚೀಟಿ, ಅಸಲು, ಬಾಕಿ, ಜಪ್ತಿ: ಸಂಸ್ಕೃತದಿಂದ, ಪಾರಸಿ ಅರಬ್ಬಿಯಿಂದ, ಎಲ್ಲಿಂದ ಬೇಕೋ ಅಲ್ಲಿಂದ ತಂದುಕೊಂಡು ತನ್ನದು ಮಾಡಿಕೊಂಡ ಭಾಷೆ ಇದು. ಇಂಗ್ಲಿಷಿನಿಂದಲೂ ತಂದುಕೊಂಡಿದೆ. ಬ್ಯಾಂಕು, ಚೆಕ್ಕು, ಷೇರು ಎಂಬ ಮಾತುಗಳ ಮೇಲೆ ನನ್ನದೇನೂ ತಕರಾರಿಲ್ಲ. ಶುದ್ಧ ಕನ್ನಡದ ವಕಾಲತ್ತು ವಹಿಸಲು ನಾನು ಕೂತಿಲ್ಲ.

ಇನ್ನು ನಾಚಿಕೆಯಿಂದ ಹಿಂದೆ ಬಿದ್ದ ಕಥೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಈ ದೇಶದ ಸಹಕಾರ ಚಳವಳಿಯ ಮೊದಲ ಪುಟ ಅದು. ಮರುವರ್ಷವೇ ಕರಾವಳಿಯಲ್ಲಿ ಎರಡು ಬ್ಯಾಂಕು ಹುಟ್ಟಿದವು: ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕು, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದದ್ದು. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್ ಬ್ಯಾಂಕಿನ ಮೂಲ ಸಂಸ್ಥೆ ಶುರುವಾಯಿತು, 1928ರಲ್ಲಿ ಅದು ಪಿಗ್ಮಿ ಯೋಜನೆ ತಂದಿತು. ಏಜೆಂಟ ಮನೆ ಬಾಗಿಲಿಗೆ, ಅಂಗಡಿಯ ಗಲ್ಲಾದ ಹತ್ತಿರಕ್ಕೆ ಬಂದು ದಿನಕ್ಕೆ ಎರಡಾಣೆಯಾದರೂ ಸರಿ ಬರೆದುಕೊಂಡು ಹೋಗುತ್ತಿದ್ದ. ಇವರು ಮನೆಯಲ್ಲಿ ಆಡುತ್ತಿದ್ದದ್ದು ಕನ್ನಡ, ತುಳು, ಕೊಂಕಣಿ, ಬ್ಯಾರಿ, ಉರ್ದು. ಮೈಂಡ್‌ಸೆಟ್ ತರಗತಿಗೆ ಹೋದವರು ಯಾರೂ ಇದ್ದಂತಿಲ್ಲ.

ಆದರೆ ಈ ಸಿದ್ಧಾಂತದ ದೊಡ್ಡ ಸುಳ್ಳು ಇರುವುದು ಕನ್ನಡದ ಬಗ್ಗೆ ಅಲ್ಲ, ಇಂಗ್ಲಿಷಿನ ಬಗ್ಗೆ. ಇಂಗ್ಲಿಷಿನ ಹಣದ ಮಾತು ಹುಟ್ಟಾ ಚೊಕ್ಕ ಎಂದು ನಂಬಿರುವವರಿಗೆ ಇಂಗ್ಲಿಷಿನ ಚರಿತ್ರೆಯೇ ಗೊತ್ತಿಲ್ಲ. ಅದನ್ನು ಒಗೆದು ಒಗೆದು ಬಿಳಿ ಮಾಡಿದ್ದು. ಒಗೆಯಲು ಮುನ್ನೂರು ವರ್ಷ ಹಿಡಿಯಿತು.

ಬಡ್ಡಿಗೆ ಸಾಲ ಕೊಡುವುದಕ್ಕೆ ಇಂಗ್ಲಿಷರ ಹಳೆಯ ಪದ ‘ಯೂಶುರಿ’. ಅದು ಬೈಗುಳ, ಪಾಪದ ಹೆಸರು. 1545ರಲ್ಲಿ ಎಂಟನೇ ಹೆನ್ರಿಯ ಕಾನೂನು ನೂರಕ್ಕೆ ಹತ್ತರವರೆಗಿನ ಬಡ್ಡಿಯನ್ನು ಸಹಿಸಿಕೊಂಡಿತು. 1552ರಲ್ಲಿ ಅವನ ಮಗನ ಕಾಲದ ಪಾರ್ಲಿಮೆಂಟು ಅದನ್ನು ಮತ್ತೆ ನಿಷೇಧಿಸಿತು. 1571ರಲ್ಲಿ ಎಲಿಜಬೆತ್‌ಳ ಕಾಲದಲ್ಲಿ ಮತ್ತೆ ಬಾಗಿಲು ತೆರೆಯಿತು. 1854ರ ಹೊತ್ತಿಗೆ ಬಡ್ಡಿಯ ಮಿತಿಯ ಕಾನೂನುಗಳೆಲ್ಲ ರದ್ದಾದವು. ಈ ಹಾದಿಯಲ್ಲಿ ‘ಯೂಶುರಿ’ ಎಂದರೆ ವಿಪರೀತ ಬಡ್ಡಿ ಮಾತ್ರ ಎಂದಾಯಿತು, ಉಳಿದದ್ದಕ್ಕೆಲ್ಲ ‘ಇಂಟರೆಸ್ಟ್’ ಎಂಬ ಮರ್ಯಾದಸ್ಥ ಹೆಸರು ಬಂತು. ಈ ಹೆಸರು ಬಂದ ದಾರಿ ಸ್ವಾರಸ್ಯವಾದದ್ದು. ಮಧ್ಯಯುಗದ ಲ್ಯಾಟಿನ್ ಕಾನೂನಿನಲ್ಲಿ ಅದರ ಮೂಲಪದಕ್ಕೆ ಇದ್ದ ಅರ್ಥ, ಸಾಲ ಹೊತ್ತಿಗೆ ಸರಿಯಾಗಿ ಬಾರದೆ ಕೊಟ್ಟವನಿಗಾದ ನಷ್ಟದ ಪರಿಹಾರ. ಕೊಟ್ಟವನ ನಷ್ಟದ ಹೆಸರೇ ಕೊಟ್ಟವನ ಲಾಭದ ಹೆಸರಾಯಿತು. ಸಾಲ ತಗೊಂಡವನು ಆ ಪದದೊಳಗೆ ಎಲ್ಲೂ ಇಲ್ಲ.

ಧನದಾಹಕ್ಕೂ ಇದೇ ಯೋಗ. ಕ್ರೈಸ್ತರ ಏಳು ಮಹಾಪಾಪಗಳಲ್ಲಿ ಒಂದಾಗಿದ್ದ ‘ಅವರಿಸ್’ ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಮೆಲ್ಲಗೆ ‘ಇಂಟರೆಸ್ಟ್’ ಆಗಿ, ಅಂದರೆ ಹಿತಾಸಕ್ತಿಯಾಗಿ, ವೇಷ ಬದಲಿಸಿದ ಕಥೆಯನ್ನು ಆಲ್ಬರ್ಟ್ ಹರ್ಷ್‌ಮನ್ 1977ರ ತಮ್ಮ ಪುಸ್ತಕದಲ್ಲಿ ಬಿಡಿಸಿಟ್ಟಿದ್ದಾರೆ. ಲಂಡನ್ನಿನಲ್ಲಿ ನೆಲೆಸಿದ್ದ ಡಚ್ ವೈದ್ಯ ಬರ್ನಾರ್ಡ್ ಮ್ಯಾಂಡೆವಿಲ್ ಮಾತ್ರ ಈ ಸೋಗು ಹಾಕಲಿಲ್ಲ. ನಿಮ್ಮ ದುರ್ಗುಣಗಳಿಂದಲೇ ನಿಮ್ಮ ವ್ಯಾಪಾರ ನಡೆಯುತ್ತಿದೆ, ಅದನ್ನು ದುರ್ಗುಣವೆಂದೇ ಕರೆದು ಅನುಭವಿಸಿ ಎಂಬುದು ಅವನ ಜೇನುಗೂಡಿನ ಕಥೆಯ ವ್ಯಂಗ್ಯ. ಅದಕ್ಕೆ 1723ರಲ್ಲಿ ಮಿಡ್ಲ್‌ಸೆಕ್ಸ್‌ನ ಗ್ರ್ಯಾಂಡ್ ಜ್ಯೂರಿ ಆ ಪುಸ್ತಕವನ್ನು ಸಾರ್ವಜನಿಕ ಉಪದ್ರವವೆಂದು ಹೆಸರಿಸಿತು. ಅವನ ತೀರ್ಮಾನ ಜನರಿಗೆ ಬೇಕಿತ್ತು. ಅವನು ಬಳಸಿದ ಹೆಸರುಗಳು ಬೇಡವಾಗಿದ್ದವು.

ಜೆರೆಮಿ ಬೆಂಥಮ್‌ಗೆ ಈ ಆಟ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. 1787ರಲ್ಲಿ ಅವನು ಬಡ್ಡಿ ವ್ಯವಹಾರದ ಸಮರ್ಥನೆಗೆ ಒಂದು ಪುಸ್ತಕವನ್ನೇ ಬರೆದ. 1817ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮನುಷ್ಯನ ಪ್ರೇರಣೆಗಳ ಪಟ್ಟಿ ಹೊರತಂದ. ಒಂದೊಂದು ಪ್ರೇರಣೆಗೂ ಹೊಗಳುವ ಹೆಸರು, ತೆಗಳುವ ಹೆಸರು, ಎರಡೂ ಅಲ್ಲದ ತಟಸ್ಥ ಹೆಸರು. ತಟಸ್ಥ ಹೆಸರೇ ಶಾಸ್ತ್ರಕ್ಕೆ ಯೋಗ್ಯ ಎಂಬುದು ಅವನ ಹಟ. ಆ ಹಟ ಗೆದ್ದಿತು. ಇವತ್ತಿನ ಅರ್ಥಶಾಸ್ತ್ರದ ತರಗತಿಗಳು ಅವನ ಮೂರನೆಯ ಸಾಲಿನಲ್ಲೇ ಮಾತಾಡುತ್ತವೆ. ನಮ್ಮ ಉಪದೇಶಕರು ‘ಇಂಗ್ಲಿಷ್ ಯಾರನ್ನೂ ಬೈಯುವುದಿಲ್ಲ’ ಎಂದು ಮೆಚ್ಚುವುದು ಇದನ್ನೇ. ನಾನು ಕೇಳುವುದು ಇಷ್ಟೇ: ಒಂದು ಕೆಲಸದಿಂದ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ ಇರುವಾಗ, ಆ ಕೆಲಸಕ್ಕೆ ಬೈಗುಳವಿಲ್ಲದ ಹೆಸರಿಟ್ಟರೆ ಅನುಕೂಲ ಯಾರಿಗೆ? ಬೈಸಿಕೊಳ್ಳಬೇಕಾದವನಿಗೆ ತಾನೆ? ಇದನ್ನು ತಾಟಸ್ಥ್ಯ ಎನ್ನುವುದು ಹೇಗೆ?

ಇಂಗ್ಲಿಷಿನೊಳಗೇ ಇದನ್ನು ಪ್ರಶ್ನಿಸಿದವರಿದ್ದಾರೆ. ಜಾನ್ ರಸ್ಕಿನ್ 1860ರಲ್ಲಿ ಕಾರ್ನ್‌ಹಿಲ್ ಪತ್ರಿಕೆಗೆ ಲೇಖನಮಾಲೆ ಬರೆದರು. ಹಿತ ಮಾಡುವುದಷ್ಟೇ ‘ವೆಲ್ತ್’, ಕೇಡು ಮಾಡುವ ಆಸ್ತಿಗೆ ಬೇರೆ ಹೆಸರು ಬೇಕು ಎಂದು ‘ಇಲ್ತ್’ ಎಂಬ ಪದವನ್ನೇ ಹುಟ್ಟಿಸಿದರು. ಓದುಗರು ರೇಗಿದರು, ಸಂಪಾದಕ ಥ್ಯಾಕರೆ ನಾಲ್ಕು ಲೇಖನಕ್ಕೇ ಮಾಲೆ ನಿಲ್ಲಿಸಿದರು. 1904ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಗಾಂಧಿ ಅದನ್ನು ಪುಸ್ತಕವಾಗಿ ಓದಿ, ನಾಲ್ಕು ವರ್ಷದ ಮೇಲೆ ಗುಜರಾತಿಯಲ್ಲಿ ‘ಸರ್ವೋದಯ’ ಎಂದು ಸಾರ ಇಳಿಸಿದರು. ನಮಗೆ ಸರ್ವೋದಯ ಉಳಿಯಿತು. ಇಂಗ್ಲಿಷಿನ ಬಳಕೆಯಲ್ಲಿ ‘ಇಲ್ತ್’ ಉಳಿಯಲಿಲ್ಲ. ಆದ್ದರಿಂದ ನನ್ನ ಜಗಳ ಇಂಗ್ಲಿಷಿನ ಮೇಲೆ ಅಲ್ಲ, ಅದರ ಒಂದು ಉಪಭಾಷೆಯ ಮೇಲೆ. ಬ್ಯಾಂಕು, ಜಾಹೀರಾತು, ಹೂಡಿಕೆ ಸಲಹೆಗಾರರು ಸೇರಿ ಆಡುವ ಆ ಉಪಭಾಷೆ ವಾಕ್ಯದಿಂದ ಒಬ್ಬ ಮನುಷ್ಯನನ್ನು ತಪ್ಪದೆ ಹೊರಗೆ ಹಾಕುತ್ತದೆ: ಕೊಡಬೇಕಾದವನನ್ನು ಅಥವಾ ಕಳೆದುಕೊಂಡವನನ್ನು.

ಈಗ ನಿಮ್ಮ ಮೊಬೈಲು ತೆಗೆಯಿರಿ. ‘ಅಭಿನಂದನೆಗಳು! ನಿಮಗೆ 5 ಲಕ್ಷದ ಪ್ರೀ-ಅಪ್ರೂವ್ಡ್ ಪರ್ಸನಲ್ ಲೋನ್’ ಎಂಬ ಸಂದೇಶ ಇಲ್ಲದ ಮೊಬೈಲು ಸಂಬಳದಾರರ ಕೈಯಲ್ಲಿ ಕಾಣುವುದು ಅಪರೂಪ. ಕೇಳದೆಯೇ ಮಂಜೂರಾಗಿದೆ. ಅದೇ ಮಾತನ್ನು ಮನೆಯ ಕನ್ನಡಕ್ಕೆ ತನ್ನಿ: ‘ಅಭಿನಂದನೆಗಳು, ನೀವಿನ್ನು ಐದು ಲಕ್ಷ ಸಾಲ ಮಾಡಬಹುದು.’ ಪಕ್ಕದಲ್ಲಿ ಕೂತ ಅತ್ತೆ ತಕ್ಷಣ ಕೇಳುತ್ತಾರೆ, ‘ಯಾಕಪ್ಪಾ, ಏನಾಯ್ತು ಅಂಥದ್ದು?’ ಸಾಲವೆಂದರೆ ಏನೋ ಆಗಿದೆ, ಯಾರಿಗೋ ಕೊಡಬೇಕಾಗಿದೆ. ಕ್ರೆಡಿಟ್ ಎಂದರೆ ಏನೂ ಆಗಿಲ್ಲ, ನಿಮ್ಮ ಘನತೆ ಒಂದು ಮೆಟ್ಟಿಲು ಏರಿದೆ. ಕ್ರೆಡಿಟ್ ಕಾರ್ಡೆಂದರೆ ಸಾಲದ ಕಾರ್ಡು. ಹಾಗೆಂದು ಕರೆಯುವವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಬಡ್ಡಿಯ ದರ ನೋಡಿ. ಊರಿನಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ತೆಗೆದುಕೊಳ್ಳುವವನನ್ನು ಬಡ್ಡಿಕೋರ ಎನ್ನುತ್ತೇವೆ, ಅವನ ಮನೆ ಕಡೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುವವರಿದ್ದಾರೆ. ಕ್ರೆಡಿಟ್ ಕಾರ್ಡಿನ ಬಾಕಿ ಪೂರ್ತಿ ಕಟ್ಟದೆ ಉಳಿಸಿಕೊಂಡರೆ ಬೀಳುವುದೂ ಹೆಚ್ಚುಕಡಿಮೆ ಅದೇ, ತಿಂಗಳಿಗೆ ನೂರಕ್ಕೆ ಮೂರು ಮೂರೂವರೆ. ಬಿಲ್ಲಿನಲ್ಲಿ ಅದರ ಹೆಸರು ‘ಫೈನಾನ್ಸ್ ಚಾರ್ಜಸ್’. ಪಕ್ಕದಲ್ಲೇ ದಪ್ಪಕ್ಷರದಲ್ಲಿ ‘ಮಿನಿಮಮ್ ಡ್ಯೂ’ ಎಂದು ಸಣ್ಣದೊಂದು ಮೊತ್ತ ಬರೆದಿರುತ್ತಾರೆ. ಅಷ್ಟು ಕಟ್ಟಿದರೆ ಸಾಕು ಎಂದು ಓದುವವನಿಗೆ ಅನಿಸಬೇಕು. ಅಷ್ಟೇ ಕಟ್ಟುತ್ತ ಹೋದವನು ವರ್ಷಗಟ್ಟಲೆ ಬಡ್ಡಿ ಕಟ್ಟುತ್ತಾನೆ. ಆ ಬಡ್ಡಿ ದಿನದ ಲೆಕ್ಕದಲ್ಲಿ ಓಡುತ್ತದೆ. ದಿನದ ಲೆಕ್ಕದಲ್ಲಿ ಓಡುವ ಬಡ್ಡಿಗೆ ನಮ್ಮ ಪೇಟೆಗಳು ಆಗಲೇ ಹೆಸರಿಟ್ಟಿವೆ, ಮೀಟರ್ ಬಡ್ಡಿ. ಮೀಟರ್ ಇಂಗ್ಲಿಷಿನ ಮಾತೇ. ಇಂಗ್ಲಿಷ್ ಪದ ತಂದುಕೊಂಡರೂ ಅದಕ್ಕೆ ಹಲ್ಲು ಕೂರಿಸುವುದು ಹೇಗೆಂದು ಜನ ತೋರಿಸಿಕೊಟ್ಟಿದ್ದಾರೆ.

ಕೆಲವು ಪದಗಳು ಮೈಗೂ ಇಳಿದಿವೆ. ಹಳ್ಳಿಯ ಹೋಟೆಲಿನಲ್ಲಿ ‘ನನ್ನ ಸಿಬಿಲ್ ಕೆಟ್ಟುಹೋಗಿದೆ’ ಎಂದು ಜನ ಹೇಳುವುದನ್ನು ಕೇಳಿ. ಸಾಲದ ಅಂಕದ ಮಾತು, ಲಿವರ್ ಕೆಟ್ಟಿದೆ ಎನ್ನುವ ಧಾಟಿಯೇ.

ಎಲ್ಲಕ್ಕಿಂತ ನುಣುಪಾದ ಪದವೆಂದರೆ ‘ಹೇರ್‌ಕಟ್’. 2016ರ ದಿವಾಳಿ ಸಂಹಿತೆಯ ಕೆಳಗೆ ದೊಡ್ಡ ಕಂಪನಿಯ ಸಾಲ ಮುಳುಗಿದಾಗ ಬ್ಯಾಂಕುಗಳು ಬಿಟ್ಟುಕೊಡುವ ಮೊತ್ತಕ್ಕೆ ಹಣಕಾಸು ವಲಯ ಹೇಳುವ ಹೆಸರು ಇದು. ಕೂದಲು ಕತ್ತರಿಸಿದರೆ ನೋವಿಲ್ಲ, ರಕ್ತವಿಲ್ಲ, ಮತ್ತೆ ಬೆಳೆಯುತ್ತದೆ. ವಿಡಿಯೊಕಾನ್ ಸಮೂಹದ ಕಂಪನಿಗಳ ಪ್ರಕರಣದಲ್ಲಿ ಒಪ್ಪಿಕೊಂಡ ಬಾಕಿ ಸುಮಾರು 65,000 ಕೋಟಿ ರೂಪಾಯಿ. 2021ರ ಜೂನ್‌ನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ ಒಪ್ಪಿದ ಯೋಜನೆಯಲ್ಲಿ ಬರುತ್ತಿದ್ದದ್ದು 3,000 ಕೋಟಿಗೂ ಕಡಿಮೆ. ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಹೋಗುತ್ತಿತ್ತು. ಇದು ಕ್ಷೌರವೋ ಪೂರ್ತಿ ಮುಂಡನವೋ ಎಂಬ ಅರ್ಥ ಬರುವ ಮಾತನ್ನು ಮುಂಬೈ ಪೀಠ ತನ್ನ ಆದೇಶದಲ್ಲೇ ಆಡಿತು. ಮೇಲ್ಮನವಿ ಮಂಡಳಿ 2022ರ ಜನವರಿಯಲ್ಲಿ ಆ ಯೋಜನೆಯನ್ನು ತಳ್ಳಿಹಾಕಿತು ಎಂಬುದನ್ನೂ ಹೇಳಬೇಕು. ನನ್ನ ಪ್ರಶ್ನೆ ಪದದ್ದು. ಕನ್ನಡದಲ್ಲಿ ‘ನುಣ್ಣಗೆ ಬೋಳಿಸಿದರು’ ಎಂದರೆ ಮೋಸ ಮಾಡಿದರು ಎಂದರ್ಥ, ಮತ್ತು ಕೇಳಿದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ: ಯಾರು, ಯಾರ ತಲೆಯನ್ನು? ಇಂಗ್ಲಿಷಿನ ಹೇರ್‌ಕಟ್ಟಿಗೆ ತಲೆಯೂ ಇಲ್ಲ, ಕತ್ತಿ ಹಿಡಿದ ಕೈಯೂ ಇಲ್ಲ.

ರೈತನಿಗೆ ಈ ಸೌಭಾಗ್ಯವಿಲ್ಲ. ಅವನ ಬಾಕಿಗೆ ಬರುವುದು ನೋಟಿಸು, ಜಪ್ತಿ, ಹರಾಜು. ಸರ್ಕಾರ ಅವನ ಸಾಲ ಮನ್ನಾ ಮಾಡಿದರೆ ಇಂಗ್ಲಿಷ್ ತಟಕ್ಕನೆ ತನ್ನ ತಾಟಸ್ಥ್ಯ ಬಿಟ್ಟು ನೀತಿ ಹೇಳಲು ಶುರುಮಾಡುತ್ತದೆ: ‘ಮಾರಲ್ ಹಜಾರ್ಡ್’, ‘ಫ್ರೀಬಿ’, ‘ಕ್ರೆಡಿಟ್ ಕಲ್ಚರ್’ ಹಾಳಾಯಿತು. 2017ರಲ್ಲಿ ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ಊರ್ಜಿತ್ ಪಟೇಲರು ಕೃಷಿ ಸಾಲಮನ್ನಾ ಪ್ರಾಮಾಣಿಕ ಸಾಲ ಸಂಸ್ಕೃತಿಯನ್ನು ಕೆಡಿಸುತ್ತದೆ ಎಂದು ಎಚ್ಚರಿಸಿದ್ದರು. ಆ ವಾದದಲ್ಲಿ ಹುರುಳೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಬೈಗುಳವಿಲ್ಲದ ಭಾಷೆಯೆಂಬ ಹೆಗ್ಗಳಿಕೆ ಇಲ್ಲಿ ಮುರಿದು ಬಿತ್ತು. ಬೈಗುಳ ಇದೆ, ಯಾರಿಗೆ ಎಂಬುದು ಮೊದಲೇ ತೀರ್ಮಾನವಾಗಿದೆ. ಇದಕ್ಕೆ ಎದುರಾಗಿ ನಮ್ಮ ಪತ್ರಿಕೆಗಳ ವಾಣಿಜ್ಯ ಪುಟದವರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ನೆನೆಯಬೇಕು. ಇಂಗ್ಲಿಷ್ ‘ನಾನ್ ಪರ್ಫಾರ್ಮಿಂಗ್ ಅಸೆಟ್’ ಎಂದದ್ದನ್ನು, ತಪ್ಪು ಆಸ್ತಿಯದೇ ಎಂಬಂತೆ ಹೇಳಿದ್ದನ್ನು, ಅವರು ‘ವಸೂಲಾಗದ ಸಾಲ’ ಎಂದು ಬರೆದರು. ಕಟ್ಟದವನನ್ನು ‘ಸುಸ್ತಿದಾರ’ ಎಂದರು. ಆ ಎರಡು ಮಾತು ರೂಢಿಗೆ ತಂದ ಉಪಸಂಪಾದಕರು ಯಾರೋ, ಅವರಿಗೆ ದೊಡ್ಡ ನಮಸ್ಕಾರ.

ಜೂಜಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗೆ ಇಳಿದ ಬಿಡಿ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನೂರರಲ್ಲಿ ತೊಂಬತ್ಮೂರು ಜನ ಸೋಲುವ ಆಟವನ್ನು ಊರಿನಲ್ಲಿ ಇಸ್ಪೀಟು ಎಲೆ ಹಿಡಿದು ಆಡಿದರೆ ಪೊಲೀಸರು ಬರುತ್ತಾರೆ. ಇಲ್ಲಿ ಆಡುವ ಹುಡುಗ ‘ಟ್ರೇಡರ್’, ಸೋತ ದುಡ್ಡು ‘ಲರ್ನಿಂಗ್ ಕಾಸ್ಟ್’.

ಆಸೆಯ ವಿಷಯಕ್ಕೆ ಬಂದರೆ ಎದುರಾಳಿಗಳ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಮುಚ್ಚಿಡಬಾರದು. ಕನ್ನಡ ಆಸೆಯನ್ನು ಆಸೆಪಟ್ಟವರ ಮುಖ ನೋಡಿ ಹೆಸರಿಸುತ್ತದೆ. ಬಸುರಿಯದು ಬಯಕೆ, ಮುದುಕರ ನಾಲಗೆಯದು ಚಪಲ, ದೂರದೂರಿಗೆ ಕೊಟ್ಟ ಮಗಳದು ತವರಿನ ಹಂಬಲ, ಪಕ್ಕದವನ ಬದು ಒತ್ತುವವನದು ದುರಾಸೆ. ಸೊಗಸಾದ ವ್ಯವಸ್ಥೆ. ಆದರೆ ಹೆಸರಿಡುವ ಅಧಿಕಾರ ಯಾರ ಕೈಯಲ್ಲಿತ್ತು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೂಲಿಯಾಳಿಗೆ ಬುದ್ಧಿ ಹೇಳಿದ ಸಾಹುಕಾರ, ಆ ಹಾಸಿಗೆಯ ಅಳತೆ ತಾನೇ ಕತ್ತರಿಸಿದ್ದು ಎಂದು ಹೇಳಲಿಲ್ಲ. ಕಾಲಿಗೆ ಚಪ್ಪಲಿ ಬೇಕೆಂದ ದಲಿತರ ಹುಡುಗನಿಗೆ, ಕಿವಿಗೆ ಚಿನ್ನದ ಓಲೆ ಬೇಕೆಂದ ಕೂಲಿ ಹೆಂಗಸಿಗೆ ‘ಆಸೆ ಜಾಸ್ತಿ ಆಯ್ತು’ ಎಂದದ್ದು ಇದೇ ಕನ್ನಡ. ಆ ಹುಡುಗನ ಮೊಮ್ಮಗ ಇವತ್ತು ‘ಆಸ್ಪಿರೇಷನ್’ ಎಂಬ ಪದದಲ್ಲಿ ಉಸಿರು ಬಿಟ್ಟುಕೊಂಡರೆ ಅವನ ಮೇಲೆ ನನಗೆ ಕೋಪವಿಲ್ಲ.

ಆದರೆ ಆ ಪದ ಅವನೊಬ್ಬನಿಗೆ ಬಿಡುಗಡೆ ಕೊಡಲಿಲ್ಲ. ಸಾಹುಕಾರನಿಗೂ ಅದೇ ದಿನ ಕೊಟ್ಟಿತು. ಚಪ್ಪಲಿ ಬೇಕೆನ್ನುವುದೂ ಆಸ್ಪಿರೇಷನ್, ನಲವತ್ತನೆಯ ಫ್ಲ್ಯಾಟು ಬೇಕೆನ್ನುವುದೂ ಆಸ್ಪಿರೇಷನ್. ಇನ್ನು ಜಾಹೀರಾತಿನ ‘ಯು ಡಿಸರ್ವ್ ಇಟ್’: ಆಸೆಯನ್ನು ಹಕ್ಕು ಮಾಡಿ, ಹಕ್ಕನ್ನು ಕಂತು ಮಾಡಿ ಕೈಗಿಡುತ್ತದೆ. ದುರಾಸೆಯನ್ನೇ ನೇರ ತೊಳೆಯುವ ಪ್ರಯತ್ನವೂ ನಡೆದಿದೆ. 1986ರಲ್ಲಿ ವಾಲ್ ಸ್ಟ್ರೀಟಿನ ಐವಾನ್ ಬೋಸ್ಕಿ ಬರ್ಕ್ಲಿಯಲ್ಲಿ ಪದವಿ ಪಡೆಯುವ ಹುಡುಗರಿಗೆ ದುರಾಸೆ ಆರೋಗ್ಯಕರ ಎಂದು ಬೋಧಿಸಿ ಚಪ್ಪಾಳೆ ಗಿಟ್ಟಿಸಿದ. ಅದೇ ವರ್ಷದ ನವೆಂಬರಿನಲ್ಲಿ ಒಳಗುಟ್ಟು ತಿಳಿದು ಷೇರು ವ್ಯಾಪಾರ ಮಾಡಿದ್ದಕ್ಕೆ ಹತ್ತು ಕೋಟಿ ಡಾಲರ್ ಕಟ್ಟಲು ಒಪ್ಪಿಕೊಂಡ. ಮರುವರ್ಷ ‘ವಾಲ್ ಸ್ಟ್ರೀಟ್’ ಸಿನಿಮಾದವರು ಖಳನ ಬಾಯಲ್ಲಿ ಅಂಥದೇ ಮಾತು ಆಡಿಸಿದರು. ಆ ಖಳನನ್ನು ಆದರ್ಶ ಮಾಡಿಕೊಂಡವರು ಬೇಕಾದಷ್ಟು ಜನ. ‘ದುರಾಸೆ ಒಳ್ಳೆಯದು’ ಎಂದು ಕನ್ನಡದಲ್ಲಿ ಹೇಳಿ ನೋಡಿ, ವಾಕ್ಯ ಕಾಲ ಮೇಲೆ ನಿಲ್ಲುವುದಿಲ್ಲ.

ಕೂಲಿಯವನಿಗೆ ಅನ್ಯಾಯವಾಗಿ ಅಂಟಿಸಿದ ಪದವನ್ನು ಕಿತ್ತು ಸರಿಯಾದ ಜಾಗಕ್ಕೆ ಹಚ್ಚಬೇಕಿತ್ತು. ಅದರ ಬದಲು ಪದವನ್ನೇ ಎಸೆಯಿರಿ ಎನ್ನುತ್ತಿದ್ದಾರೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿ ಆಯ್ದು ಬದುಕುತ್ತಿದ್ದ ಲಕ್ಕಮ್ಮ, ಗಂಡ ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ತಂದಾಗ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ಅದನ್ನು ಬಡವರ ಸಂತೃಪ್ತಿಯ ಕಥೆಯೆಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಯಾವುದು ಹೆಚ್ಚು ಎಂದು ಹೇಳುವ ಅಧಿಕಾರವನ್ನು ಅಕ್ಕಿ ಆಯುವ ಹೆಂಗಸೊಬ್ಬಳು ತನ್ನ ಕೈಗೆ ತೆಗೆದುಕೊಂಡ ಕಥೆ ಅದು. ಅಂಬೇಡ್ಕರ್ ಇದೇ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡಿದರು. 1923ರಲ್ಲಿ ‘ದಿ ಪ್ರಾಬ್ಲೆಮ್ ಆಫ್ ದಿ ರುಪೀ’ ಬರೆದ ಅವರು, ರೂಪಾಯಿಯ ಬೆಲೆ ಇಳಿದರೆ ದೇಶಕ್ಕೆ ಲಾಭ ಎನ್ನುತ್ತಿದ್ದವರ ಎದುರು, ಯಾರ ಲಾಭ ಎಂದು ಕೇಳಿದರು. ಬೆಲೆ ಏರಿದಷ್ಟು ಕೂಲಿ ಏರದಿದ್ದರೆ ಅದು ಒಂದು ವರ್ಗದ ಜೇಬಿನಿಂದ ಇನ್ನೊಂದು ವರ್ಗದ ಜೇಬಿಗೆ ಹೋದ ಹಣ, ಅಷ್ಟೇ. ಇಬ್ಬರನ್ನೂ ವಾಕ್ಯದೊಳಗೆ ನಿಲ್ಲಿಸಿ ಮಾತಾಡಲು ಇಂಗ್ಲಿಷಿಗೂ ಬರುತ್ತದೆ, ಆಡುವವರಿಗೆ ಮನಸ್ಸಿದ್ದರೆ.

ನಮ್ಮಲ್ಲಿ ಇದು ಬರೀ ಪದದ ಚರ್ಚೆಯಾಗಿ ಉಳಿದಿಲ್ಲ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಿಂದ ಮೈಕ್ರೋ ಫೈನಾನ್ಸ್ ವಸೂಲಿಗೆ ಹೆದರಿ ಕುಟುಂಬಗಳು ಊರು ಬಿಟ್ಟ ಸುದ್ದಿ ಬಂತು. ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು. ಹಳ್ಳಿಯ ಹೆಂಗಸರಿಗೆ ಈ ಸಾಲ ಬಂದದ್ದು ‘ಫೈನಾನ್ಷಿಯಲ್ ಇನ್‌ಕ್ಲೂಷನ್’ ಎಂಬ ಹೆಸರಿನಲ್ಲಿ. ವಾರದ ಕಂತು ತಪ್ಪಿದ ದಿನ ಅದಕ್ಕಿದ್ದ ಹೆಸರು ಸಾಲ, ಬಡ್ಡಿ, ಮಾನ. ಕೊಡುವಾಗ ಇಂಗ್ಲಿಷ್, ಕಿತ್ತುಕೊಳ್ಳುವಾಗ ಕನ್ನಡ.

ಆದ್ದರಿಂದ ಓದುಗರಲ್ಲಿ ಒಂದು ಮನವಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ವೈಯಕ್ತಿಕ ಮತ್ತು ಸಣ್ಣ ಉದ್ದಿಮೆಯ ಅವಧಿ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಪತ್ರ ಕೊಡಬೇಕು. ಅದರಲ್ಲಿ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ಬಡ್ಡಿದರ ಇರಬೇಕು, ಅದು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹಾಕುವಂತಿಲ್ಲ. ಕ್ರೆಡಿಟ್ ಕಾರ್ಡಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ. ಮಿಕ್ಕ ಸಾಲಕ್ಕೆ ಆ ಪತ್ರವನ್ನು ಕನ್ನಡದಲ್ಲಿ ಕೇಳಿ. ಒಟ್ಟು ಎಷ್ಟು ಕೊಡಬೇಕು, ಯಾರಿಗೆ, ಯಾವತ್ತಿನವರೆಗೆ ಎಂದು ಓದಿ. ಕನ್ನಡದಲ್ಲಿ ಕೊಡುವವರೆಗೆ ಸಹಿ ಹಾಕಬೇಡಿ.